ಸುಳ್ಳು ಜಮಾ

ಮಕ್ಕಳೇ, ಹೋದ ಭಾನುವಾರ ನಾನು ಮೊಮ್ಮಗಳ ಜೊತೆ ಒಂದು ಆಟ ಗೆದ್ದೆ. ಗೆದ್ದ ಮೇಲೆ ಅರ್ಧ ಗಂಟೆ ಮುಖ ಊದಿಸಿಕೊಂಡು ಕೂತಿದ್ದೆ. ಎಪ್ಪತ್ತು ದಾಟಿದ ಮುದುಕ ಗೆದ್ದೂ ಮುನಿಸಿಕೊಳ್ಳುವುದೇ ಅಂತ ನಗಬೇಡಿ, ಪೂರ್ತಿ ಕೇಳಿ.

ಅದು ಕಂಪ್ಯೂಟರಿನಲ್ಲಿ ಬಣ್ಣದ ಗುಳ್ಳೆ ಒಡೆಯುವ ಆಟ. ಒಂದೇ ಕೀಬೋರ್ಡಿಗೆ ಇಬ್ಬರು. ಎಡಗಡೆ ಅವಳು, ಬಲಗಡೆ ಬಾಣದ ಗುರುತಿನ ಗುಂಡಿಗಳ ಮೇಲೆ ನಾನು. ಪರದೆಯಲ್ಲೂ ಎರಡು ಪಾಲು. ಮೇಲೆ ಗುಳ್ಳೆಗಳು ದ್ರಾಕ್ಷಿ ಗೊಂಚಲಿನ ಹಾಗೆ ನೇತಾಡುತ್ತವೆ. ಕೆಳಗಿನಿಂದ ನಾವು ಒಂದೊಂದೇ ಗುಳ್ಳೆ ಹಾರಿಸಬೇಕು. ಒಂದೇ ಬಣ್ಣದ ಮೂರು ಸೇರಿದರೆ ಟಪ್! ಗೊಂಚಲು ಬೆಳೆದು ಕೆಳಗಿನ ಗೆರೆ ದಾಟಿದರೆ ಸೋಲು.

ಇಂಥ ಆಟಗಳಿಗೆಲ್ಲ ಹಿರಿಯಣ್ಣ ಎಂದರೆ 1994ರಲ್ಲಿ ಜಪಾನಿನ ಟೈಟೊ ಕಂಪನಿ ತಂದ 'ಪಝಲ್ ಬಾಬಲ್'. ಅದರಲ್ಲಿ ಗುಳ್ಳೆ ಹಾರಿಸುವ ಹಸಿರು, ನೀಲಿ ಪುಟಾಣಿ ಡ್ರ್ಯಾಗನ್‌ಗಳು ಇನ್ನೂ ಹಳಬರು, 1986ರ 'ಬಬಲ್ ಬಾಬಲ್' ಆಟದವರು. ಆ ವರ್ಷಗಳಲ್ಲಿ ನಾನು ಕೌಂಟರಿನಲ್ಲಿ ಕೂತು ನೋಟು ಎಣಿಸುತ್ತಿದ್ದೆ. ಆಗ ಬೆರಳು ಚುರುಕಾಗಿದ್ದವು. ಈಗ ಸ್ವಲ್ಪ ನಡುಗುತ್ತವೆ.

ನಾನು ಒಂದು ಹಾರಿಸುವಷ್ಟರಲ್ಲಿ ಪುಟ್ಟಿ ಮೂರು ಹಾರಿಸುತ್ತಾಳೆ. ಯೋಚಿಸುತ್ತಾ ಕೂತರೆ ಗುಳ್ಳೆ ತಾನಾಗಿಯೇ ಹಾರಿಹೋಗುತ್ತದೆ. ಸತತ ಎಂಟು ಆಟ ಸೋತೆ. ಒಂಬತ್ತನೆಯದರಲ್ಲಿ ಅವಳ ಗುಳ್ಳೆಗಳು ಇದ್ದಕ್ಕಿದ್ದಂತೆ ದಾರಿ ತಪ್ಪತೊಡಗಿದವು. ಎದುರಿಗೇ ಕೆಂಪು ಜೋಡಿ ಇದೆ, ಕೈಯಲ್ಲೂ ಕೆಂಪೇ ಇದೆ, ಹೋಗಿ ನೀಲಿಗೆ ಅಂಟಿಸಿದಳು! "ತಾತ ಗೆದ್ದ!" ಅಂತ ಚಪ್ಪಾಳೆ ಬೇರೆ.

ನಮ್ಮ ಬ್ಯಾಂಕಿನಲ್ಲಿ ಸಂಜೆ ಲೆಕ್ಕಕ್ಕೆ ಒಂದು ರೂಪಾಯಿ ಕಡಿಮೆ ಬಂದರೂ ಮತ್ತೆ ಮೊದಲಿನಿಂದ ಎಣಿಸುತ್ತಿದ್ದೆವು. ಜೇಬಿನಿಂದ ರೂಪಾಯಿ ಹಾಕಿ ಸರಿಮಾಡಿದರೆ ಅದು ಸುಳ್ಳು ಜಮಾ. ಈ ಗೆಲುವೂ ಅಂಥದ್ದೇ ಅನ್ನಿಸಿತು.

"ಬೇಕೂಂತಲೇ ಸೋತೆಯಾ?" ಅಂದೆ.

ಅವಳು ತಲೆ ತಗ್ಗಿಸಿದಳು. "ನಿನ್ನ ಕೈ ನಡುಗ್ತಿತ್ತು ತಾತ. ಇನ್ನು ಆಡಲ್ಲ ಅಂತ ಎದ್ದುಹೋಗ್ತೀಯೇನೋ ಅನ್ನಿಸ್ತು." ಸ್ವಲ್ಪ ತಡೆದು, "ನಾನು ಚಿಕ್ಕೋಳಿದ್ದಾಗ ಚೌಕಾಬಾರದಲ್ಲಿ ನೀನೂ ನನ್ನ ಕಾಯಿ ಹೊಡೀದೆ ಬಿಡ್ತಿದ್ದೆ. ನಂಗೆ ಗೊತ್ತಾಗ್ತಿತ್ತು" ಅಂದಳು.

ನನ್ನ ಬಾಯಿ ಕಟ್ಟಿತು. ಇಷ್ಟು ವರ್ಷ ಅವಳಿಗೆ ತಿಳಿದಿಲ್ಲ ಅಂದುಕೊಂಡಿದ್ದೆ. ಸುಳ್ಳು ಜಮಾ ಶುರುಮಾಡಿದವನು ನಾನೇ!

ಅವತ್ತೇ ಒಪ್ಪಂದ ಆಯಿತು. ರಿಯಾಯಿತಿ ಕೊಡುವುದಾದರೆ ಮೊದಲೇ ಹೇಳಿ ಕೊಡಬೇಕು, ಕದ್ದು ಕೊಡಬಾರದು. ಅದರಂತೆ ಅವಳು ಪ್ರತಿ ಗುಳ್ಳೆಗೂ ಗಟ್ಟಿಯಾಗಿ 'ಒಂದು, ಎರಡು' ಎಣಿಸಿಯೇ ಹಾರಿಸುತ್ತಾಳೆ. ನಾನೂ ಕಣ್ಣಿಗೆ ಕೆಲಸ ಕೊಟ್ಟೆ. ಗೋಡೆಗೆ ತಗುಲಿದ ಗುಳ್ಳೆ ಕೇರಂ ಕಾಯಿಯಂತೆ ಬಂದ ಓರೆಯಲ್ಲೇ ಆಚೆಗೆ ತಿರುಗುತ್ತದೆ. ಮುಂದಿನ ಬಣ್ಣ ಯಾವುದೆಂದು ಪಕ್ಕದಲ್ಲೇ ಕಾಣುತ್ತದೆ. ಎಲ್ಲಕ್ಕಿಂತ ದೊಡ್ಡ ಗುಟ್ಟು ತೊಟ್ಟಿನದು. ತುದಿಯ ಗುಳ್ಳೆ ಒಡೆಯುತ್ತಾ ಕೂರಬಾರದು. ಗೊಂಚಲನ್ನು ಹಿಡಿದಿರುವ ಮೇಲಿನ ಮೂರನ್ನು ಒಡೆದರೆ, ಅದಕ್ಕೆ ಜೋತುಬಿದ್ದಿದ್ದೆಲ್ಲ ಒಟ್ಟಿಗೆ ಉದುರುತ್ತದೆ. ಉದುರಿದ್ದಕ್ಕೆ ತಕ್ಕಂತೆ ಎದುರಾಳಿಯ ಪಾಲಿಗೆ ಹೊಸ ಗುಳ್ಳೆ ಬಂದು ಸೇರುತ್ತವೆ.

ನಿನ್ನೆ ಐದು ಆಟದಲ್ಲಿ ನಾಲ್ಕು ಸೋತೆ. ಕೊನೆಯದರಲ್ಲಿ ತೊಟ್ಟು ಸಿಕ್ಕಿತು. ಅವಳ ಪಾಲು ಗೆರೆ ದಾಟುವವರೆಗೂ ತುಂಬಿಹೋಯಿತು.

"ಥೂ ತಾತ! ಇನ್ನೊಂದು ಆಟ, ಈಗಲೇ!" ಅಂತ ಕಿರುಚಿದಳು. ನಿಜವಾದ ಸಿಟ್ಟು. ನನ್ನ ಗೆಲುವಿಗೆ ಅದೇ ರಸೀದಿ.

ನೀವೂ ಅಜ್ಜ ಅಜ್ಜಿಯರ ಜೊತೆ ಆಡಿ ಮಕ್ಕಳೇ. ಬೇಕಾದರೆ ನಿಧಾನವಾಗಿ ಆಡಿ, ಆದರೆ ಕದ್ದು ಸೋಲಬೇಡಿ. ನಮಗೂ ಗೊತ್ತಾಗುತ್ತದೆ.