ಸಂಕ್ರಾಂತಿಯ ಸೋಲು

2010ರ ಸಂಕ್ರಾಂತಿ. ಮೈಸೂರಿನಲ್ಲಿ ರಣಜಿ ಫೈನಲ್, ಕರ್ನಾಟಕಕ್ಕೆ ಮುಂಬಯಿ ಎದುರಾಳಿ. ಡೊಂಬಿವಲಿಯ ನಮ್ಮ ಮನೆಯಲ್ಲಿ ಯಜಮಾನರು ಕರ್ನಾಟಕದ ಕಡೆ, ಇಲ್ಲೇ ಹುಟ್ಟಿದ ಮಗ ಮುಂಬಯಿಯ ಕಡೆ. ಮನೀಶ್ ಪಾಂಡೆಯ 144 ರನ್ನೂ ಸಾಲದೆ ಕರ್ನಾಟಕ ಆರೇ ರನ್ನಿನಿಂದ ಸೋತಿತು. ಮಗ ಕುಣಿದ. "ಊರನ್ನೇ ಮರೆತೆಯಲ್ಲೋ!" ಎಂದು ಇವರು ಊಟ ಬಿಟ್ಟು ಮಲಗಿದರು. ಎಳ್ಳುಬೆಲ್ಲದ ದಿನವೇ ಮನೆಯಲ್ಲಿ ಮಾತು ನಿಂತಿತು.

ಮರುದಿನ ಸಂಜೆ, ಮನೆಯಲ್ಲೂ ಮರಾಠಿಯನ್ನೇ ಆಡುತ್ತಿದ್ದ ಹುಡುಗ ಎಳ್ಳುಂಡೆಯ ತಟ್ಟೆ ಹಿಡಿದು ಬಂದ. "ಅಪ್ಪಾ, 1974ರಲ್ಲಿ ನೀವು ಗೆದ್ದಿದ್ರಲ್ಲ, ಅದನ್ನ ಹೇಳಿ" ಎಂದ, ಕನ್ನಡದಲ್ಲಿ! ಸತತ 15 ವರ್ಷ ರಣಜಿ ಗೆದ್ದಿದ್ದ ಮುಂಬಯಿಯನ್ನು ಪ್ರಸನ್ನ, ವಿಶ್ವನಾಥ್, ಚಂದ್ರಶೇಖರ್ ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ ತಡೆದ ಕಥೆ ಮಧ್ಯರಾತ್ರಿಯವರೆಗೂ ನಡೆಯಿತು.

2022ರ ವಿಶ್ವಕಪ್ ಫುಟ್‌ಬಾಲಿನಲ್ಲಿ ಸೆಮಿಫೈನಲ್ ತಲುಪಿದ ಮೊರೊಕ್ಕೊ ತಂಡದ ಅಶ್ರಫ್ ಹಕೀಮಿ ಹುಟ್ಟಿದ್ದು ಸ್ಪೇನಿನ ಮ್ಯಾಡ್ರಿಡ್‌ನಲ್ಲಿ. ಆಡಿದ್ದು ಹೆತ್ತವರ ನಾಡಿಗೆ. ಮರಾಠಿ ಮನೆತನದ ರಾಹುಲ್ ದ್ರಾವಿಡ್ ಹುಟ್ಟಿದ್ದು ಇಂದೋರಿನಲ್ಲಿ. ಆಡಿದ್ದು ತಾವು ಬೆಳೆದ ಕರ್ನಾಟಕಕ್ಕೆ. ಇಬ್ಬರಲ್ಲಿ ಯಾರದು ತಪ್ಪು?

ಆದ್ದರಿಂದ ಠಾಣೆ, ಕಲ್ಯಾಣ, ವಾಶಿಯ ಮಕ್ಕಳೇ, ನೀವು ಯಾವ ತಂಡಕ್ಕೆ ಬೇಕಾದರೂ ಚಪ್ಪಾಳೆ ತಟ್ಟಿ. ಪಂದ್ಯ ಮುಗಿದ ಮೇಲೆ ಮಾತ್ರ ಅಪ್ಪನ ಪಕ್ಕದಲ್ಲಿ ಕುಳಿತು, ಜಗಳವನ್ನಾದರೂ ಕನ್ನಡದಲ್ಲೇ ಆಡಿ. ಊರು ಬಿಟ್ಟು ಬಂದವರಿಗೆ ತಂಡದ ಸೋಲಿಗಿಂತ ಮನೆಯಲ್ಲಿ ಮಾತು ನಿಂತರೆ ಹೆಚ್ಚು ನೋವು.