ಲೆಕ್ಕ ಕೊಡಿ ಸ್ವಾಮಿ!

ಬೆಂಗಳೂರು ಪಾಲಿಕೆಯ ಬಜೆಟ್ಟು ಒಮ್ಮೆ ಎಷ್ಟು ಹೊತ್ತಿಗೆ ಹೊರಬಿತ್ತು ಗೊತ್ತೆ? 2022ರ ಮಾರ್ಚ್ 31ರ ತಡರಾತ್ರಿ, ಊರೆಲ್ಲ ಮಲಗಿದ ಮೇಲೆ! ಹತ್ತು ಸಾವಿರ ಕೋಟಿಗೂ ಮೀರಿದ ಜನರ ದುಡ್ಡು, ಸಭೆಯಿಲ್ಲ, ಚರ್ಚೆಯಿಲ್ಲ. ಪ್ರಶ್ನಿಸಬೇಕಾದ ಕಾರ್ಪೊರೇಟರುಗಳ ಅವಧಿ 2020ರ ಸೆಪ್ಟೆಂಬರ್‌ಗೇ ಮುಗಿದಿತ್ತು. 2025ರಲ್ಲಿ ಬಿಬಿಎಂಪಿಯನ್ನೇ ಒಡೆದು ಐದು ಪಾಲಿಕೆ ಮಾಡುವ ತನಕವೂ ಚುನಾವಣೆ ನಡೆಯಲಿಲ್ಲ. ಅಧಿಕಾರಿಗಳದ್ದೇ ದರ್ಬಾರು. ಕಾರ್ಪೊರೇಟರುಗಳೇನು ಸಾಚಾಗಳೇ ಎನ್ನುತ್ತೀರಿ. ಅಲ್ಲವೇ ಅಲ್ಲ. ಆದರೆ ಅವರ ಮನೆ ಬಾಗಿಲಾದರೂ ನಮಗೆ ಗೊತ್ತಿತ್ತು!

ನಿಮ್ಮ ಬೀದಿಯ ಡಾಂಬರು ಎರಡೇ ಮಳೆಗೆ ಎದ್ದುಹೋಯಿತೇ? ಬೈದುಕೊಂಡು ಬೈಕ್ ಓಡಿಸಿದರೆ ಸಾಲದು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ, ಕನ್ನಡದಲ್ಲೇ. ಶುಲ್ಕ 10 ರೂಪಾಯಿ. ಕಾಮಗಾರಿಯ ಅಂದಾಜುಪಟ್ಟಿ, ಅಳತೆ ಪುಸ್ತಕ, ಬಿಲ್ಲು ಮೂರನ್ನೂ ಕೇಳಿ. ಆಮೇಲೆ ನಾಲ್ಕು ಜನ ಟೇಪು ಹಿಡಿದು ಬೀದಿಗಿಳಿದು ಅಳೆಯಿರಿ. ‘ಕಡತ ಸಿಗುತ್ತಿಲ್ಲ’ ಎಂದರೆ ಅದನ್ನೇ ಬರೆದುಕೊಡಿ ಎನ್ನಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೇಲ್ಮನವಿ. ಮಾಹಿತಿ ಆಯೋಗ ಮನಸ್ಸು ಮಾಡಿದರೆ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ, ಅದೂ ಅಧಿಕಾರಿಯ ಸ್ವಂತ ಜೇಬಿನಿಂದ.

ಅರ್ಜಿ ಕೊಟ್ಟಾಗ ಸ್ವೀಕೃತಿಗೆ ಸೀಲು ಹಾಕಿಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.