ಬಿಲ್ ಬಾರದ ದೀಪಕ್ಕೆ ವಾರಸುದಾರರು ಯಾರು?



ಹಳ್ಳಿಗೆ ಸೋಲಾರ್ ಬೀದಿದೀಪ ಬಂದ ಸುದ್ದಿ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಆಗಾಗ ಕಾಣುತ್ತದೆ. ಟೇಪು ಕತ್ತರಿಸುವ ಫೋಟೊ, ಇಷ್ಟು ಕಂಬ, ಇಷ್ಟು ಲಕ್ಷ ಅನುದಾನ. ಎರಡು ಮಳೆಗಾಲ ಕಳೆದ ಮೇಲೆ ಅವುಗಳಲ್ಲಿ ಎಷ್ಟು ಉರಿಯುತ್ತಿವೆ ಎಂಬ ಸುದ್ದಿಯನ್ನು ಮಾತ್ರ ನಾನು ಓದಿದ್ದಿಲ್ಲ. ನನ್ನ ತಕರಾರು ಇರುವುದು ಅದರ ಬಗ್ಗೆಯೇ.

ದೀಪ ಬೇಡ ಎನ್ನುವವನಲ್ಲ ನಾನು. ನಮ್ಮದು ಮಧುಗಿರಿ ಕಡೆಯ ಊರು. ದೀಪ ಬಂದ ವರ್ಷ ಹುಣಸೆ ಸುಗ್ಗಿಯಲ್ಲಿ ಹೆಂಗಸರು ಕಂಬದ ಕೆಳಗೆ ಗೋಣಿಚೀಲ ಹಾಸಿಕೊಂಡು ಹಣ್ಣು ಕುಟ್ಟಲು ಕೂತರು. ಬೀಜ ಒಂದು ಗುಡ್ಡೆ, ನಾರು ಒಂದು ಗುಡ್ಡೆ, ನಡುವೆ ಊರಿನ ಸಮಾಚಾರವೆಲ್ಲ. ಅದುವರೆಗೆ ಅವರವರ ಮನೆಯೊಳಗೆ ಒಬ್ಬೊಬ್ಬರೇ ಮಾಡುತ್ತಿದ್ದ ಕೆಲಸ ಅದು. ಕೆಜಿ ಲೆಕ್ಕದ ಕೂಲಿ ಆ ಬೆಳಕಿನಿಂದಾಗಿ ರಾತ್ರಿ ಹತ್ತರವರೆಗೆ ಎಳೆಯಿತು ಎಂಬುದೂ ನಿಜ. ಅದು ಒಳ್ಳೆಯದೋ ಕೆಟ್ಟದ್ದೋ, ಬೆರಳು ನೋಯಿಸಿಕೊಂಡವರೇ ಹೇಳಬೇಕು. ಸಂಘದ ಸಭೆ ಮಧ್ಯಾಹ್ನದಿಂದ ರಾತ್ರಿಗೆ ಬದಲಾಯಿತು. ಡೇರಿಗೆ ಹಾಲು ಹಾಕಿ ಬರುವ ಮುದುಕರ ಕೈಯಲ್ಲಿ ಟಾರ್ಚು ಕಾಣದಾಯಿತು. ಕಟ್ಟುಹಾವು, ಕೊಳಕುಮಂಡಲ ಹೆಚ್ಚಾಗಿ ಓಡಾಡುವುದು ಕತ್ತಲಲ್ಲೇ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ನಮ್ಮ ಸರ್ಕಾರ 2024ರಲ್ಲಿ ಆದೇಶಿಸಿತು. ಕಡಿದ ಮೇಲೆ ಲೆಕ್ಕ ಕೇಳುವವರು ಆ ದಾರಿಯಲ್ಲಿ ದೀಪ ಇತ್ತೇ ಎಂದೂ ಕೇಳಬಹುದಲ್ಲ.

ಈಗ ಅದೇ ಕಂಬ ಏಳಕ್ಕೆ ಹತ್ತಿಕೊಂಡು ಎಂಟೂವರೆಗೆ ಆರಿಹೋಗುತ್ತದೆ. ಮೊದಲ ನಾಲ್ಕು ಗಂಟೆ ಪೂರ್ತಿ ಬೆಳಕು, ಆಮೇಲೆ ಬೆಳಗಿನವರೆಗೆ ಮಂದ ಬೆಳಕು ಕೊಡುವಂತೆ ಮಾಡಿದ ದೀಪಗಳಿವೆ, ಅದಕ್ಕೆ ದೂರಿಲ್ಲ. ನಮ್ಮದು ಬ್ಯಾಟರಿ ಸೋತದ್ದು. ಪ್ಯಾನೆಲ್ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಪಕ್ಕದ ಹೊಂಗೆಮರ ಬೆಳೆದು, ಮಧ್ಯಾಹ್ನವಾದರೆ ಅರ್ಧ ಪ್ಯಾನೆಲ್ ನೆರಳಲ್ಲಿರುತ್ತದೆ. ಒಂದು ಕೊಂಬೆ ಕಡಿಯಲು, ಒಂದು ಬಕೆಟ್ ನೀರು ಸುರಿಯಲು ಯಾರೂ ಏಣಿ ಹಾಕಿಲ್ಲ. ಪಂಚಾಯಿತಿಯಲ್ಲಿ ವಿಚಾರಿಸಿದರೆ ಅನುದಾನ ಬೇರೆಯವರದು, ಗುತ್ತಿಗೆದಾರರನ್ನೇ ಕೇಳಿ ಎನ್ನುತ್ತಾರೆ. ಗುತ್ತಿಗೆದಾರರ ಫೋನು ಹೋಗುವುದಿಲ್ಲ.

ಕಾರಣ ನನಗೆ ಕಾಣುವುದು ಇಷ್ಟು. ಸಾಕಷ್ಟು ಬೀದಿದೀಪ ಒದಗಿಸುವುದು, ವಿದ್ಯುತ್ ಶುಲ್ಕವನ್ನು ತಪ್ಪದೆ ಕಟ್ಟುವುದು ಗ್ರಾಮ ಪಂಚಾಯಿತಿಯ ಕರ್ತವ್ಯವೆಂದು 1993ರ ಪಂಚಾಯತ್ ರಾಜ್ ಕಾಯ್ದೆಯ 58ನೇ ಪ್ರಕರಣ ಹೇಳುತ್ತದೆ. ಲೈನ್ ದೀಪಕ್ಕೆ ತಿಂಗಳು ತಿಂಗಳು ಬಿಲ್ ಬರುತ್ತದೆ, ಬಾಕಿ ಬೆಳೆದರೆ ನೋಟಿಸು ಬರುತ್ತದೆ, ಸಭೆಯಲ್ಲಿ ಗದ್ದಲವಾಗುತ್ತದೆ. ಸೋಲಾರ್ ದೀಪಕ್ಕೆ ಬಿಲ್ಲೇ ಇಲ್ಲ. ಉರಿದರೂ ಕಾಗದ ಬರುವುದಿಲ್ಲ, ಆರಿದರೂ ಬರುವುದಿಲ್ಲ. ಖರ್ಚಿಲ್ಲ ಎಂದು ಹೊಗಳಿದ ಗುಣವೇ ಅದನ್ನು ಅನಾಥ ಮಾಡಿತು. ಹೆಚ್ಚು ದೂರ ಹೋಗಬೇಕಿಲ್ಲ, ನಮ್ಮ ಜಿಲ್ಲೆಯದೇ ಪಾವಗಡದ ಸೋಲಾರ್ ಪಾರ್ಕಿಗೆ ಹೋಗಿ ನೋಡಿ. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಅಲ್ಲಿ ಪ್ಯಾನೆಲ್ ತೊಳೆಯುವುದೇ ಒಂದು ಕೆಲಸ, ಏಕೆಂದರೆ ಧೂಳು ಕೂತಷ್ಟೂ ಮೀಟರಿನಲ್ಲಿ ದುಡ್ಡು ಕಡಿಮೆ. ನಮ್ಮ ಕಂಬಕ್ಕೆ ಆ ಮೀಟರೂ ಇಲ್ಲ.

ಇನ್ನು ಕಂಬ ನಿಲ್ಲುವ ಜಾಗ. ಸದಸ್ಯರ ಮನೆ ಮುಂದೆ ಒಂದು, ಲೈನ್ ದೀಪ ಇದ್ದೇ ಇರುವ ಗುಡಿಯ ಮುಂದೆ ಇನ್ನೊಂದು. ಕಾಲೊನಿಯಿಂದ ಬಸ್‌ಸ್ಟ್ಯಾಂಡಿಗೆ ಬರುವ ಮಣ್ಣುದಾರಿಗೆ ಒಂದೂ ಇಲ್ಲ. ಆ ದಾರಿಯಲ್ಲಿ ಕತ್ತಲಾದ ಮೇಲೆ ನಡೆಯುವ ಹೆಣ್ಣುಮಕ್ಕಳನ್ನು ವಾರ್ಡ್ ಸಭೆಗೆ ಕರೆದು ಕೇಳಿದ್ದರೆ ಮೊದಲ ಕಂಬ ಎಲ್ಲಿ ಎಂಬುದು ಐದು ನಿಮಿಷದಲ್ಲಿ ಇತ್ಯರ್ಥವಾಗುತ್ತಿತ್ತು.

ಹೊಸ ಕಂಬಗಳಿಗೆ ಟೆಂಡರ್ ಕರೆಯುವ ಮೊದಲು ಹಳೆಯವನ್ನು ಪಂಚಾಯಿತಿಯ ಆಸ್ತಿ ರಿಜಿಸ್ಟರಿಗೆ ಸೇರಿಸಲಿ. ಕಂಬದ ಮೇಲೆ ಅದರ ನಂಬರು, ಹಾಕಿದ ದಿನ, ವಾರಂಟಿ ಮುಗಿಯುವ ದಿನ, ಎತ್ತುವಂಥ ಒಂದು ಫೋನ್ ನಂಬರು ಬರೆಸಲಿ. ಬ್ಯಾಟರಿ ಕೆಲವು ವರ್ಷಕ್ಕೊಮ್ಮೆ ಬದಲಿಸಲೇಬೇಕಾದ ವಸ್ತು. ಸೋಲಾರಿನಿಂದ ಉಳಿತಾಯವಾದ ಕರೆಂಟ್ ಬಿಲ್ಲಿನಲ್ಲಿ ಒಂದು ಪಾಲನ್ನು ವರ್ಷವರ್ಷವೂ ಅದಕ್ಕೆಂದು ತೆಗೆದಿಡಲಿ. ಗುತ್ತಿಗೆದಾರರ ಭದ್ರತಾ ಠೇವಣಿಯನ್ನು ದೀಪ ಉರಿಯುವುದನ್ನು ನೋಡದೆ ಬಿಡುಗಡೆ ಮಾಡಬಾರದು. ಲೆಕ್ಕಪತ್ರದ ಜೊತೆ ಕಾಮಗಾರಿಗಳನ್ನೂ ನೋಡುವ ಜಮಾಬಂದಿ ವರ್ಷಕ್ಕೊಮ್ಮೆ ಹೇಗೂ ನಡೆಯುತ್ತದೆ. ಆದರೆ ಅಧಿಕಾರಿಗಳು ಬರುವುದು ಬೆಳಗ್ಗೆ ಹನ್ನೊಂದಕ್ಕೆ, ಊಟದ ಹೊತ್ತಿಗೆ ವಾಪಸು. ಆ ಹೊತ್ತಿನಲ್ಲಿ ಕೆಟ್ಟ ದೀಪವೂ ಒಂದೇ, ಸರಿಯಿರುವ ದೀಪವೂ ಒಂದೇ. ಈ ಸಲ ರಾತ್ರಿ ಒಂಬತ್ತಕ್ಕೆ ಬರಲಿ.

— ಓದುಗ, ತುಮಕೂರು ಜಿಲ್ಲೆ